ಮುಖಕ್ಕಿಂತ ಮೊದಲು ಮೊಣಕೈಗೆ: ‘ವಿಷಮುಕ್ತ’ ಪ್ರಸಾಧನಗಳನ್ನು ಪರೀಕ್ಷಿಸಿ ಬಳಸುವ ಬಗೆ

ಕೆಲವು ವರ್ಷಗಳ ಹಿಂದೆ, ದೀಪಾವಳಿಯ ರಿಯಾಯಿತಿ ಮಾರಾಟದಲ್ಲಿ ನಾನು ಒಂದೇ ಸಲಕ್ಕೆ ನಾಲ್ಕು ಹೊಸ ವಸ್ತುಗಳನ್ನು ತರಿಸಿಕೊಂಡೆ: ಮುಖ ತೊಳೆಯುವ ಜೆಲ್, ಒಂದು ಸೀರಂ, ರಾತ್ರಿ ಹಚ್ಚುವ ಕ್ರೀಮು, ಒಂದು ಲಿಪ್‌ಸ್ಟಿಕ್. ನಾಲ್ಕರ ಮೇಲೂ ಹಸಿರು ಎಲೆಯ ಚಿತ್ರವಿತ್ತು, ‘ನಾನ್-ಟಾಕ್ಸಿಕ್’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಮನೆಯಲ್ಲಿದ್ದ ಹಳೆಯ ಡಬ್ಬಿಗಳನ್ನೆಲ್ಲ ಕಸಕ್ಕೆ ಹಾಕಿ ಅಂದು ರಾತ್ರಿಯಿಂದಲೇ ನಾಲ್ಕನ್ನೂ ಬಳಸತೊಡಗಿದೆ. ಐದನೆಯ ದಿನ ಬೆಳಗ್ಗೆ ಕೆನ್ನೆ ಕೆಂಪಗಾಗಿ ತುರಿಸುತ್ತಿತ್ತು, ಕಣ್ಣಿನ ರೆಪ್ಪೆ ಊದಿಕೊಂಡಿತ್ತು. ನಾಲ್ಕರಲ್ಲಿ ಯಾವುದರ ಕೆಲಸ ಇದು ಎಂದು ಕಂಡುಕೊಳ್ಳಲು ದಾರಿಯೇ ಇರಲಿಲ್ಲ. ಎಲ್ಲವನ್ನೂ ನಿಲ್ಲಿಸಿ, ಚರ್ಮ ತಿಳಿಯಾದ ಮೇಲೆ ಒಂದೊಂದನ್ನೇ ಮೊಣಕೈಯ ಒಳಮಡಿಕೆಗೆ ಹಚ್ಚುತ್ತ ಹೋದಾಗ ಸಿಕ್ಕಿಬಿದ್ದದ್ದು ಲ್ಯಾವೆಂಡರ್ ಎಣ್ಣೆ ಬೆರೆಸಿದ ರಾತ್ರಿಯ ಕ್ರೀಮು. ನಾಲ್ಕರಲ್ಲಿ ಅತ್ಯಂತ ‘ನೈಸರ್ಗಿಕ’ ಎನಿಸಿಕೊಂಡಿದ್ದುದು ಅದೇ. ತಯಾರಿಸಿದವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಎಣ್ಣೆಯ ಹೆಸರು ಪೆಟ್ಟಿಗೆಯ ಹಿಂಬದಿಯಲ್ಲಿ ಸ್ಪಷ್ಟವಾಗಿಯೇ ಇತ್ತು, ಓದದವಳು ನಾನು.

ಆಗ ಮಾಡಬೇಕಿದ್ದ ಕೆಲಸಗಳನ್ನು, ಮಾಡಬೇಕಿದ್ದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಮುಂಬದಿಯ ಮಾತಿಗೆ ಎಷ್ಟು ಬೆಲೆ

ನಮ್ಮ ದೇಶದಲ್ಲಿ ಪ್ರಸಾಧನ ಸಾಮಗ್ರಿಗಳು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆ ಹಾಗೂ 2020ರ ಪ್ರಸಾಧನ ಸಾಮಗ್ರಿಗಳ ನಿಯಮಗಳ ಅಡಿಯಲ್ಲಿ ಬರುತ್ತವೆ. ಯಾವ ಬಣ್ಣ ಹಾಕಬಹುದು, ಯಾವ ರಾಸಾಯನಿಕ ನಿಷಿದ್ಧ, ಸೀಸ ಮತ್ತು ಪಾದರಸದ ಅಂಶ ಎಷ್ಟರೊಳಗಿರಬೇಕು ಎಂಬುದಕ್ಕೆಲ್ಲ ಅಲ್ಲಿ ಲೆಕ್ಕವಿದೆ. ಆದರೆ ‘ನಾನ್-ಟಾಕ್ಸಿಕ್’, ‘ಕ್ಲೀನ್’, ‘ಕೆಮಿಕಲ್-ಫ್ರೀ’ ಎಂಬ ಪದಗಳಿಗೆ ಕಾನೂನಿನ ವ್ಯಾಖ್ಯೆಯಿಲ್ಲ. ಹಾಗಾಗಿ ಒಬ್ಬ ತಯಾರಕ, ಕ್ರೀಮು ಕೆಡದಂತೆ ಕಾಯುವ ಪ್ಯಾರಾಬೆನ್ ಎಂಬ ಸಂರಕ್ಷಕ ಇಲ್ಲ ಎಂಬ ಅರ್ಥದಲ್ಲಿ, ಇನ್ನೊಬ್ಬ ಖನಿಜ ತೈಲ ಇಲ್ಲ ಎಂಬ ಅರ್ಥದಲ್ಲಿ, ಮತ್ತೊಬ್ಬ ಬರೀ ಚೆಂದಕ್ಕೆ ಆ ಪದವನ್ನು ಅಚ್ಚು ಹಾಕಿಸುತ್ತಾನೆ. ‘ಕ್ರೂಯೆಲ್ಟಿ-ಫ್ರೀ’ ಎಂಬುದು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿಲ್ಲ ಎಂದಷ್ಟೇ ಹೇಳುತ್ತದೆ. ಭಾರತದಲ್ಲಿ ಅಂಥ ಪ್ರಯೋಗಕ್ಕೆ 2014ರಲ್ಲೇ ನಿಷೇಧ ಬಂದಿದೆ.

ಗಿಡದಿಂದ ಬಂದದ್ದೆಲ್ಲ ಸೌಮ್ಯ ಎಂಬ ನಂಬಿಕೆಯನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದ ಅಗತ್ಯವೇ ಇಲ್ಲ. ಮಾವಿನ ಸೊನೆ ತಾಗಿ ತುಟಿಯ ಅಂಚು ಸುಟ್ಟುಕೊಂಡವರು, ಹಸಿ ಗೇರುಬೀಜದ ಸಿಪ್ಪೆ ಬಿಡಿಸಲು ಹೋಗಿ ಬೆರಳುಗಳಲ್ಲಿ ಗುಳ್ಳೆ ಎಬ್ಬಿಸಿಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ. ಒಂದು ವಸ್ತು ಎಲ್ಲಿಂದ ಬಂತು ಎಂಬುದಕ್ಕಿಂತ ಅದು ಏನು, ಎಷ್ಟಿದೆ, ಎಷ್ಟು ಹೊತ್ತು ಮೈಮೇಲೆ ಇರುತ್ತದೆ, ಯಾರ ಮೈಮೇಲೆ ಎಂಬ ನಾಲ್ಕು ಪ್ರಶ್ನೆಗಳು ಮುಖ್ಯ. ಕೊನೆಯ ಪ್ರಶ್ನೆಗೆ ಉತ್ತರ ಅಂಗಡಿಯಲ್ಲಿ ಸಿಗುವುದಿಲ್ಲ, ನಿಮ್ಮ ಮೊಣಕೈಯಲ್ಲೇ ಸಿಗಬೇಕು.

ಹೊಸದನ್ನು ತರುವ ಮೊದಲು ಹೊರಹಾಕಬೇಕಾದವು

ಶಾಂಪೂವಿನ ಪ್ಯಾರಾಬೆನ್ ಬಗ್ಗೆ ಚಿಂತಿಸುವವರ ಮನೆಯಲ್ಲೇ ಕೆಲವೊಮ್ಮೆ ನಿಜವಾದ ವಿಷ ಸದ್ದಿಲ್ಲದೆ ಕುಳಿತಿರುತ್ತದೆ. ಅವುಗಳಲ್ಲಿ ಮೊದಲನೆಯದು ವಿಳಾಸವಿಲ್ಲದ ಬಿಳುಪಿನ ಕ್ರೀಮು. ಚರ್ಮದಲ್ಲಿ ಬಣ್ಣ ತಯಾರಾಗುವುದನ್ನು ಪಾದರಸ ತಡೆಯುತ್ತದೆ, ಆದ್ದರಿಂದ ಹಚ್ಚಿದವರಿಗೆ ಬೇಗನೆ ‘ಫಲಿತಾಂಶ’ ಕಾಣುತ್ತದೆ. ಅದೇ ಪಾದರಸ ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ತಮ್ಮಲ್ಲಿಗೆ ಬಂದ ಮೂತ್ರಪಿಂಡದ ರೋಗಿಗಳಲ್ಲಿ ಹಲವರು ಇಂಥ ಕ್ರೀಮು ಬಳಸುತ್ತಿದ್ದುದನ್ನು ಪತ್ತೆಹಚ್ಚಿದರು. ಆ ರಾಜ್ಯದ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಅಂಗಡಿಗಳ ತಪಾಸಣೆ ನಡೆಸಿತು. ನಮ್ಮ ನಿಯಮದ ಪ್ರಕಾರ ಮುಖದ ಕ್ರೀಮಿನಲ್ಲಿ, ಅರಿಯದೆ ಸೇರಿಕೊಳ್ಳುವ ಪಾದರಸವೂ 1 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ) ಮೀರುವಂತಿಲ್ಲ. ಡಬ್ಬಿಯ ಮೇಲೆ ತಯಾರಕರ ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ ಇಲ್ಲದಿದ್ದರೆ, ಪದಾರ್ಥಗಳಲ್ಲಿ ‘ಕ್ಯಾಲೊಮೆಲ್’ ಅಥವಾ ‘ಮರ್ಕ್ಯುರಿ’ಯಿಂದ ತೊಡಗುವ ಹೆಸರು ಇದ್ದರೆ, ಅಥವಾ ‘ಚಿನ್ನ, ಬೆಳ್ಳಿ, ಅಲ್ಯೂಮಿನಿಯಂ ಒಡವೆಗಳಿಗೆ ತಾಗಿಸಬೇಡಿ’ ಎಂಬ ವಿಚಿತ್ರ ಎಚ್ಚರಿಕೆ ಇದ್ದರೆ ಅದನ್ನು ಪರೀಕ್ಷಿಸುವ ಗೊಡವೆಗೂ ಹೋಗಬೇಡಿ.

ಎರಡನೆಯದು ಔಷಧದಂಗಡಿಯಲ್ಲಿ ಯಾರದೋ ಮಾತು ಕೇಳಿ ತಂದ ಟ್ಯೂಬು. ಅದರ ಮೇಲೆ ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರುಗಳಿದ್ದರೆ ಅದು ಸ್ಟಿರಾಯ್ಡ್. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಇಂಥ ಕ್ರೀಮುಗಳನ್ನು ಸರ್ಕಾರ 2018ರಲ್ಲಿ ಸೇರಿಸಿದರೂ ಮುಖ ಬೆಳ್ಳಗಾಗಲೆಂದು ಹಚ್ಚುವವರು ಇನ್ನೂ ಇದ್ದಾರೆ. ತಿಂಗಳುಗಟ್ಟಲೆ ಬಳಸಿದರೆ ಚರ್ಮ ತೆಳುವಾಗಿ ರಕ್ತನಾಳಗಳು ಎದ್ದು ಕಾಣುತ್ತವೆ, ನಿಲ್ಲಿಸಿದೊಡನೆ ಮುಖ ಉರಿಯುತ್ತದೆ. ಆದ್ದರಿಂದ ಈಗಾಗಲೇ ಬಳಸುತ್ತಿರುವವರು ತಾವಾಗಿಯೇ ಬಿಟ್ಟುಬಿಡದೆ ಚರ್ಮತಜ್ಞರನ್ನು ಕಂಡು ಹಂತ ಹಂತವಾಗಿ ಬಿಡಬೇಕು.

ಹಬ್ಬ, ಮದುವೆಗಳ ಸಾಮಾನಿನಲ್ಲಿ ಮೂರನ್ನು ಗಮನಿಸಿ. ಅರಿಶಿನಕ್ಕೆ ನಿಂಬೆರಸ, ಬಿಳಿಗಾರ ಸೇರಿಸಿ ಮಾಡುವ ಕುಂಕುಮ ಬೇರೆ. ಹಲವೆಡೆ ಆಂಜನೇಯನ ವಿಗ್ರಹಕ್ಕೆ ಬಳಿಯುವ ಕೇಸರಿ ಬಣ್ಣದ ಸಿಂಧೂರ ಬೇರೆ. ಸಾಂಪ್ರದಾಯಿಕ ಸಿಂಧೂರವೆಂದರೆ ಸೀಸದ ಆಕ್ಸೈಡ್. ಮಕ್ಕಳ ಹಣೆಗೆ, ಬೈತಲೆಗೆ ಅದು ಬೇಡ. ಮದರಂಗಿ ಸೊಪ್ಪು ಅರೆದು ಹಚ್ಚಿದರೆ ಮೊದಲು ಕಿತ್ತಳೆ ಬಣ್ಣ ಬಂದು, ಒಂದೆರಡು ದಿನಗಳಲ್ಲಿ ಕಂದು ಕೆಂಪಿಗೆ ತಿರುಗುತ್ತದೆ. ಒಂದು ಗಂಟೆಯಲ್ಲೇ ಕಪ್ಪಾಗಿ ಹತ್ತುವ ‘ಕಪ್ಪು ಮೆಹಂದಿ’ಯಲ್ಲಿ ಸಾಮಾನ್ಯವಾಗಿ ತಲೆಗೂದಲ ಬಣ್ಣದಲ್ಲಿ ಬಳಸುವ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ, ಅದರಿಂದ ಕೈಯ ಚಿತ್ತಾರವೇ ಗುಳ್ಳೆಗಳಾಗಿ ಏಳುವುದುಂಟು. ಮೂರನೆಯದು ಸ್ಟಿಕ್ಕರ್ ಬಿಂದಿ. ನನ್ನ ಚಿಕ್ಕಮ್ಮನ ಹಣೆಯ ನಡುವೆ, ದಿನವೂ ಬಿಂದಿ ಇಡುತ್ತಿದ್ದ ಜಾಗದಲ್ಲಿ, ಹತ್ತು ಪೈಸೆ ಅಗಲದ ಬಿಳಿಯ ಮಚ್ಚೆ ಬಿದ್ದು, ಅದನ್ನು ಮರೆಮಾಚಲು ಅವರು ಇನ್ನೂ ದೊಡ್ಡ ಬಿಂದಿ ಇಡತೊಡಗಿದ್ದರು. ಬಿಂದಿಯ ಅಂಟಿನಲ್ಲಿ ಬಳಕೆಯಾಗುವ ಪ್ಯಾರಾ-ಟರ್ಷಿಯರಿ ಬ್ಯೂಟೈಲ್ ಫೀನಾಲ್ ಎಂಬ ರಾಸಾಯನಿಕ ಕೆಲವರಲ್ಲಿ ಬಣ್ಣದ ಕೋಶಗಳನ್ನೇ ನಾಶಮಾಡುತ್ತದೆ ಎಂದು ಚರ್ಮತಜ್ಞರು ವಿವರಿಸಿದ ಮೇಲೆ ಅವರು ಅರಿಶಿನದ ಕುಂಕುಮಕ್ಕೆ ಮರಳಿದರು. ಬಿಂದಿಯ ಜಾಗದಲ್ಲಿ ತುರಿಕೆ ಶುರುವಾದಾಗಲೇ ನಿಲ್ಲಿಸಿದ್ದರೆ ಮಚ್ಚೆ ಬೀಳುತ್ತಿರಲಿಲ್ಲವೇನೋ.

ಹಿಂಬದಿಯನ್ನು ಓದುವುದು

ಪದಾರ್ಥಗಳ ಪಟ್ಟಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿರುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ಓದುವುದೇ ಸುಲಭ. ಶೇ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು, ಶೇ 1 ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು ಎಂಬುದು ನಿಯಮ. ಆ ಶೇ 1ರ ಗೆರೆ ಎಲ್ಲಿದೆ ಎಂದು ಪಟ್ಟಿ ಹೇಳುವುದಿಲ್ಲ, ಆದರೆ ಅಂದಾಜು ಮಾಡಲು ಒಂದು ಉಪಾಯವಿದೆ. ಬಹಳಷ್ಟು ಕ್ರೀಮುಗಳಲ್ಲಿ ಸಂರಕ್ಷಕವಾಗಿ ಫಿನಾಕ್ಸಿಎಥನಾಲ್ ಇರುತ್ತದೆ. ಯುರೋಪಿನ ನಿಯಮದಂತೆ ಅದು ಶೇ 1 ಮೀರುವಂತಿಲ್ಲ, ಹೆಚ್ಚಿನ ತಯಾರಕರು ಎಲ್ಲೆಡೆ ಅದೇ ಮಿತಿಯನ್ನು ಪಾಲಿಸುತ್ತಾರೆ. ಹಾಗಾಗಿ ಅದರ ಹೆಸರಿನ ನಂತರ ಬರುವುದೆಲ್ಲ ಬಹುತೇಕ ಚಿಟಿಕೆಯ ಲೆಕ್ಕದ್ದು. ಮುಂಬದಿಯಲ್ಲಿ ಕೇಸರಿಯ ಎಸಳುಗಳ ದೊಡ್ಡ ಚಿತ್ರವಿದ್ದು, ಹಿಂಬದಿಯಲ್ಲಿ ಕೇಸರಿಯ ಸಸ್ಯನಾಮ ‘ಕ್ರೋಕಸ್ ಸಟೈವಸ್’ ಫಿನಾಕ್ಸಿಎಥನಾಲ್ ಆದ ಮೇಲೆ ಕಂಡರೆ, ನೀವು ಕೊಡುತ್ತಿರುವ ಹಣ ಚಿತ್ರಕ್ಕೆ ಎಂದು ತಿಳಿಯಿರಿ.

ಅಲರ್ಜಿಯ ದೃಷ್ಟಿಯಿಂದ ನಾನು ಮೊದಲು ಹುಡುಕುವುದು ಪರಿಮಳವನ್ನು. ‘ಪರ್ಫ್ಯೂಮ್’, ‘ಫ್ರೇಗ್ರೆನ್ಸ್’ ಎಂಬ ಒಂದೇ ಪದದೊಳಗೆ ಹತ್ತಾರು ವಸ್ತುಗಳು ಅಡಗಿರಬಹುದು. ಲ್ಯಾವೆಂಡರ್, ಟೀ ಟ್ರೀ, ಕಿತ್ತಳೆ ಸಿಪ್ಪೆಯಂಥ ಸುಗಂಧತೈಲಗಳೂ ಇದೇ ಗುಂಪಿನವು. ಅವುಗಳಲ್ಲಿರುವ ಲಿನಾಲೂಲ್, ಲಿಮೋನೀನ್ ಗಾಳಿಗೆ ಒಡ್ಡಿಕೊಂಡು ಹಳತಾದಷ್ಟೂ ಚರ್ಮವನ್ನು ಕೆರಳಿಸುವ ಗುಣ ಹೆಚ್ಚುತ್ತದೆ. ‘ಅನ್‌ಸೆಂಟೆಡ್’ ಎಂದು ಬರೆದಿದ್ದರೆ ವಾಸನೆ ಮರೆಸಲು ಬೇರೊಂದು ಪರಿಮಳ ಹಾಕಿರಬಹುದು. ಸೂಕ್ಷ್ಮ ಚರ್ಮದವರಿಗೆ ಬೇಕಾದದ್ದು ‘ಫ್ರೇಗ್ರೆನ್ಸ್-ಫ್ರೀ’.

ಇನ್ನು ಪ್ಯಾರಾಬೆನ್ ವಿಚಾರ. 2004ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಸ್ತನದ ಗೆಡ್ಡೆಗಳ ಅಂಗಾಂಶದಲ್ಲಿ ಪ್ಯಾರಾಬೆನ್ ಇರುವುದನ್ನು ಕಂಡಿತು. ಗೆಡ್ಡೆ ಅದರಿಂದಲೇ ಬಂತು ಎಂದು ಅದು ತೋರಿಸಿರಲಿಲ್ಲ, ಆದರೆ ಹೆದರಿಕೆ ಮಾತ್ರ ಜಗತ್ತೆಲ್ಲ ಸುತ್ತಿತು. ‘ಪ್ಯಾರಾಬೆನ್-ಫ್ರೀ’ ಎಂದು ಬರೆಯಲು ಹೊರಟ ತಯಾರಕರು ಸಂರಕ್ಷಕವನ್ನೇ ಬಿಡುವಂತಿರಲಿಲ್ಲ, ಏಕೆಂದರೆ ನೀರಿರುವ ಕ್ರೀಮಿನಲ್ಲಿ ಸಂರಕ್ಷಕವಿಲ್ಲದಿದ್ದರೆ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಹಲವರು ಮೀಥೈಲ್ ಐಸೊಥಯಾಜೊಲಿನೋನ್ ಎಂಬುದಕ್ಕೆ ಹೊರಳಿದರು. ಅದರಿಂದ ಅಲರ್ಜಿಯಾದವರ ಸಂಖ್ಯೆ ಎಷ್ಟು ಏರಿತೆಂದರೆ ಅಮೆರಿಕನ್ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2013ರಲ್ಲಿ ಅದನ್ನು ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತು, ಮುಂದೆ ಯುರೋಪ್ ಒಕ್ಕೂಟ ಹಚ್ಚಿ ಬಿಡುವ ಕ್ರೀಮುಗಳಲ್ಲಿ ಅದನ್ನು ನಿಷೇಧಿಸಿತು. ಅದೇ ಸೊಸೈಟಿ 2019ರಲ್ಲಿ ಪ್ಯಾರಾಬೆನ್‌ಗಳನ್ನು ‘ವರ್ಷದ ಅಲರ್ಜಿಕಾರಕವಲ್ಲದ ವಸ್ತು’ ಎಂದು ಕರೆದದ್ದರಲ್ಲಿ ಸ್ವಲ್ಪ ಕುಹಕವೂ ಇದ್ದಿರಬೇಕು. ಪ್ಯಾರಾಬೆನ್ ಬೇಡವೆನಿಸಿದರೆ ಬಿಡಿ, ಅದು ನಿಮ್ಮ ಆಯ್ಕೆ. ಆದರೆ ಅದರ ಜಾಗಕ್ಕೆ ಏನು ಬಂದಿದೆ ಎಂದು ನೋಡದೆ ಬಿಡಬೇಡಿ. ಐಸೊಥಯಾಜೊಲಿನೋನ್ ಎಂದು ಮುಗಿಯುವ ಹೆಸರುಗಳು, ಡಿಎಂಡಿಎಂ ಹೈಡಾಂಟಾಯಿನ್, ಇಮಿಡಜೊಲಿಡಿನೈಲ್ ಯೂರಿಯಾದಂಥ ಫಾರ್ಮಾಲ್ಡಿಹೈಡ್ ಬಿಡುವ ಸಂರಕ್ಷಕಗಳು ಕಂಡರೆ ನಾನು ಡಬ್ಬಿಯನ್ನು ಕಪಾಟಿಗೆ ಮರಳಿಸುತ್ತೇನೆ.

ಮೊಣಕೈಯ ಪರೀಕ್ಷೆ

ಒಂದು ಸಲಕ್ಕೆ ಒಂದೇ ವಸ್ತು. ಮದುವೆಗೆ ನಾಲ್ಕು ದಿನವಿರುವಾಗ, ಜ್ವರದಲ್ಲಿರುವಾಗ, ಬಿಸಿಲಿಗೆ ಚರ್ಮ ಕಂದಿರುವಾಗ ಶುರುಮಾಡಬೇಡಿ. ಸಾಧ್ಯವಾದರೆ ಚಿಕ್ಕ ಪೊಟ್ಟಣ ತನ್ನಿ. ಆದರೆ ತೀರಾ ಚಿಕ್ಕ ಪೊಟ್ಟಣಗಳಲ್ಲಿ ಪದಾರ್ಥಗಳ ಪಟ್ಟಿ ಇಲ್ಲದಿರಬಹುದು, ಆಗ ಅದೇ ವಸ್ತುವಿನ ದೊಡ್ಡ ಪೆಟ್ಟಿಗೆಯ ಮೇಲೆ ಓದಿಕೊಳ್ಳಿ.

ಮೊಣಕೈಯ ಒಳಮಡಿಕೆಯನ್ನು ಬರೀ ನೀರಿನಲ್ಲಿ ತೊಳೆದು, ಒರೆಸಿ, ಎರಡು ರೂಪಾಯಿ ನಾಣ್ಯದಷ್ಟು ಅಗಲಕ್ಕೆ, ಮುಖಕ್ಕೆ ಎಷ್ಟು ದಪ್ಪ ಹಚ್ಚುತ್ತೀರೋ ಅಷ್ಟೇ ದಪ್ಪಕ್ಕೆ ಹಚ್ಚಿ. ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಅದೇ ಜಾಗಕ್ಕೆ, ಏಳರಿಂದ ಹತ್ತು ದಿನ. ಮುಖ ತೊಳೆಯುವ ಜೆಲ್ಲು, ಸ್ಕ್ರಬ್ಬುಗಳನ್ನಾದರೆ ಐದು ನಿಮಿಷ ಬಿಟ್ಟು ತೊಳೆದುಬಿಡಬೇಕು. ತೊಳೆಯಬೇಕಾದ ವಸ್ತುವನ್ನು ರಾತ್ರಿಯಿಡೀ ಬಿಟ್ಟರೆ ಒಳ್ಳೆಯ ವಸ್ತುವೂ ಉರಿಸುತ್ತದೆ. ಪಕ್ಕದಲ್ಲಿ ಪೆನ್ನಿನಿಂದ ಒಂದು ಚುಕ್ಕೆ ಇಟ್ಟುಕೊಂಡರೆ ಸ್ನಾನದ ನಂತರವೂ ಜಾಗ ತಪ್ಪುವುದಿಲ್ಲ. ಹಚ್ಚುವ ಮೊದಲು ಒಂದು ಫೋಟೊ, ಆಮೇಲೆ ದಿನಕ್ಕೊಂದು, ಕಿಟಕಿಯ ಹತ್ತಿರದ ಅದೇ ಬೆಳಕಿನಲ್ಲಿ ತೆಗೆಯಿರಿ. ಕಪ್ಪು ಅಥವಾ ಕಂದು ಚರ್ಮದಲ್ಲಿ ಕೆಂಪು ಸುಲಭವಾಗಿ ಕಾಣುವುದಿಲ್ಲ. ಆದ್ದರಿಂದ ಬಣ್ಣಕ್ಕಿಂತ ಹೆಚ್ಚಾಗಿ ಬೆರಳಾಡಿಸಿ ಒರಟು, ಬಿಸಿ, ಊತ ಇದೆಯೇ ಎಂದು ನೋಡಬೇಕು.

ಇಷ್ಟು ದಿನ ಏಕೆ ಎಂದು ಕೇಳುವವರಿದ್ದಾರೆ. ಪೊಟ್ಟಣದ ಮೇಲೆ ‘24 ಗಂಟೆ ಪರೀಕ್ಷಿಸಿ’ ಎಂದು ಬರೆದಿರುತ್ತದೆ ನಿಜ. ಆದರೆ ಚರ್ಮ ಎರಡು ಬಗೆಯಲ್ಲಿ ಮುನಿಯುತ್ತದೆ. ಆಮ್ಲ, ಸಾಬೂನುಗಳ ಖಾರಕ್ಕೆ ನಿಮಿಷಗಳಲ್ಲಿ, ಗಂಟೆಗಳಲ್ಲಿ ಉರಿಯುವುದು ಒಂದು ಬಗೆ; ದೇಹದ ರಕ್ಷಣಾ ವ್ಯವಸ್ಥೆ ಒಂದು ವಸ್ತುವನ್ನು ಶತ್ರುವೆಂದು ಗುರುತಿಸಿ ನಿಧಾನವಾಗಿ ಸೈನ್ಯ ಕಳುಹಿಸುವ ಅಲರ್ಜಿ ಇನ್ನೊಂದು ಬಗೆ. ಎರಡನೆಯದು ಕಾಣಿಸಿಕೊಳ್ಳಲು ಎರಡು ಮೂರು ದಿನ, ಕೆಲವೊಮ್ಮೆ ವಾರವೇ ಬೇಕು. ನನ್ನ ರಾತ್ರಿಯ ಕ್ರೀಮು ಮೊಣಕೈಯ ಮೇಲೆ ಮೊದಲ ಮೂರು ದಿನ ಸುಮ್ಮನಿದ್ದು, ನಾಲ್ಕನೆಯ ದಿನ ಸಂಜೆ ಸಾಸಿವೆಯಷ್ಟು ಸಣ್ಣ ಗುಳ್ಳೆಗಳನ್ನು ಎಬ್ಬಿಸಿತು. ಒಂದೇ ದಿನಕ್ಕೆ ಪರೀಕ್ಷೆ ಮುಗಿಸಿದ್ದರೆ ಅದು ತೇರ್ಗಡೆಯಾಗುತ್ತಿತ್ತು.

ಮೊಣಕೈ ಒಪ್ಪಿದ ಮೇಲೆ ದವಡೆಯ ಅಂಚಿಗೆ, ಕಿವಿಯ ಕೆಳಗೆ ಮೂರು ದಿನ ಹಚ್ಚಿ ನೋಡಿ, ಆನಂತರ ಪೂರ್ತಿ ಮುಖಕ್ಕೆ. ಅಲ್ಲಿಂದ ನಾಲ್ಕರಿಂದ ಆರು ವಾರಗಳ ತನಕ ಇನ್ನೊಂದು ಹೊಸ ವಸ್ತುವನ್ನು ಸೇರಿಸದಿದ್ದರೆ ಒಳ್ಳೆಯದು, ಏಕೆಂದರೆ ಹೊರಪದರದ ಚರ್ಮ ಹೊಸದಾಗಲು ಹೆಚ್ಚುಕಡಿಮೆ ಒಂದು ತಿಂಗಳು ಹಿಡಿಯುತ್ತದೆ. ಅದಕ್ಕೂ ಮೊದಲು ‘ಕೆಲಸ ಮಾಡುತ್ತಿದೆ’, ‘ಮಾಡುತ್ತಿಲ್ಲ’ ಎಂಬ ತೀರ್ಪು ಅವಸರದ್ದು. ತಲೆಗೂದಲ ಬಣ್ಣಕ್ಕೆ ಮಾತ್ರ ಈ ದೀರ್ಘ ಪರೀಕ್ಷೆ ಸಲ್ಲದು: ಪೊಟ್ಟಣದಲ್ಲಿ ಹೇಳಿದಂತೆ 48 ಗಂಟೆ ಮೊದಲು, ಪ್ರತಿ ಸಲವೂ ಪರೀಕ್ಷಿಸಬೇಕು. ಹತ್ತು ವರ್ಷ ಒಗ್ಗಿದ ಬಣ್ಣ ಹನ್ನೊಂದನೆಯ ವರ್ಷ ಒಗ್ಗದೆ ಹೋಗಬಹುದು.

ಅಡುಗೆಮನೆಯ ಲೇಪಗಳಿಗೂ ಇದೇ ನಿಯಮ. ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಪಿಎಚ್ (ಆಮ್ಲೀಯತೆಯ ಅಳತೆ, ಅಂಕ ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5. ನಿಂಬೆರಸದ್ದು ಸುಮಾರು 2. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂಥ ಕಪ್ಪು ಕಲೆ ಬಿದ್ದು ತಿಂಗಳುಗಟ್ಟಲೆ ಉಳಿಯುತ್ತದೆ. ಅಡುಗೆ ಸೋಡಾ ಎದುರು ದಿಕ್ಕಿನ ತಪ್ಪು. ಕಡಲೆಹಿಟ್ಟು, ಹೆಸರುಹಿಟ್ಟುಗಳಿಂದ ಸಾಮಾನ್ಯವಾಗಿ ತೊಂದರೆಯಿಲ್ಲ, ಒರಟಾಗಿ ಉಜ್ಜದಿದ್ದರೆ ಸಾಕು. ಬಿಡಿಯಾಗಿ ಮಾರುವ ಅರಿಶಿನದ ಪುಡಿಯಲ್ಲಿ ಬಣ್ಣದ ಕಲಬೆರಕೆ ಇರುವುದುಂಟು, ಕೊಂಬು ತಂದು ತೇಯ್ದುಕೊಳ್ಳುವುದು ಮೇಲು.

ಬಣ್ಣಗಳ ವಿಷಯ

ಲಿಪ್‌ಸ್ಟಿಕ್ ಸ್ವಲ್ಪವಾದರೂ ಹೊಟ್ಟೆಗೆ ಹೋಗುತ್ತದೆ, ಆದ್ದರಿಂದ ಲೈಸೆನ್ಸ್ ಸಂಖ್ಯೆ ಇಲ್ಲದ ಅಗ್ಗದ ಲಿಪ್‌ಸ್ಟಿಕ್ ಬೇಡ. ನಮ್ಮ ನಿಯಮದಂತೆ ಪ್ರಸಾಧನದ ಬಣ್ಣಗಳಲ್ಲಿ ಸೀಸ 20 ಪಿಪಿಎಂ, ಆರ್ಸೆನಿಕ್ 2 ಪಿಪಿಎಂ ಮೀರಬಾರದು, ಪಾಲಿಸುವವರಿಂದ ಕೊಂಡರೆ ಮಾತ್ರ ಆ ನಿಯಮಕ್ಕೆ ಅರ್ಥ. ‘ನೈಸರ್ಗಿಕ ಕೆಂಪು’ ಎಂದು ಹೇಳುವ ಲಿಪ್‌ಸ್ಟಿಕ್ಕಿನಲ್ಲಿ ‘ಸಿಐ 75470’ ಎಂಬ ಸಂಖ್ಯೆ ಇದ್ದರೆ ಅದು ಕಾರ್ಮೈನ್, ಅಂದರೆ ಒಂದು ಕೀಟವನ್ನು ಒಣಗಿಸಿ ಪುಡಿಮಾಡಿ ತೆಗೆದ ಬಣ್ಣ. ಸಸ್ಯಾಹಾರಿಗಳು ತಿಳಿದಿರಬೇಕಾದ ಸಂಖ್ಯೆ. ಲಿಪ್‌ಸ್ಟಿಕ್ಕನ್ನೂ ಮೊದಲು ಮೊಣಕೈಗೇ ಹಚ್ಚಿ ನೋಡಿ, ಅಂಗಡಿಯ ಟೆಸ್ಟರನ್ನು ತುಟಿಗೆ ತಾಗಿಸಬೇಡಿ.

ಹರಳೆಣ್ಣೆಯ ದೀಪಕ್ಕೆ ತಾಮ್ರದ ತಟ್ಟೆ ಕವುಚಿ ಹಿಡಿದ ಮಸಿಗೆ ತುಪ್ಪ ಕಲಸಿ ಮಾಡುವ ಕಾಡಿಗೆಯಲ್ಲಿ ಸೀಸವಿಲ್ಲ, ಆದರೆ ಶುಚಿತ್ವಕ್ಕೆ ಯಾರ ಖಾತರಿಯೂ ಇಲ್ಲ. ಅದ್ದಿದ ಬೆರಳನ್ನೇ ಮತ್ತೆ ಅದ್ದುವ ಡಬ್ಬಿ ಕಣ್ಣಿನ ಸೋಂಕಿಗೆ ಸುಲಭದ ದಾರಿ. ಸುರ್ಮಾ ಎಂದು ಮಾರುವ ಹೊಳೆಯುವ ಪುಡಿ ಹಲವು ಬಾರಿ ಸೀಸದ ಸಲ್ಫೈಡ್ ಆಗಿರುತ್ತದೆ. ಹಸುಗೂಸುಗಳ ಕಣ್ಣಿಗೆ ಎರಡೂ ಬೇಡ. ದೃಷ್ಟಿಬೊಟ್ಟು ಇಡಲೇಬೇಕೆಂದರೆ ಅಂಗಾಲಿಗೆ ಇಡಿ, ಅಜ್ಜಿಯರ ಒಪ್ಪಿಗೆಯೂ ಅದಕ್ಕೆ ಸಿಗುತ್ತದೆ. ಮಸ್ಕಾರಾವನ್ನು ತೆರೆದ ಮೂರು ತಿಂಗಳಿಗೆ ಎಸೆಯಬೇಕು. ಉಳಿದವಕ್ಕೆ, ಮುಚ್ಚಳ ತೆರೆದ ಡಬ್ಬಿಯ ಪುಟ್ಟ ಚಿತ್ರದೊಳಗೆ ‘6ಎಂ’, ‘12ಎಂ’ ಎಂದು ಬರೆದಿರುವುದೇ ತೆರೆದ ಮೇಲಿನ ತಿಂಗಳ ಲೆಕ್ಕ. ತೆರೆದ ತಾರೀಖನ್ನು ತಳದಲ್ಲಿ ಬರೆದಿಡಿ.

ಸನ್‌ಸ್ಕ್ರೀನ್ ವಿಷಯದಲ್ಲಿ ಮಾತ್ರ ‘ನೈಸರ್ಗಿಕ’ದ ಹಟ ನಷ್ಟದ್ದು. ಕೊಬ್ಬರಿ ಎಣ್ಣೆಯಾಗಲಿ ಕ್ಯಾರೆಟ್ ಬೀಜದ ಎಣ್ಣೆಯಾಗಲಿ ನಮ್ಮ ಬಿಸಿಲಿಗೆ ಸಾಲುವುದಿಲ್ಲ. ಸೂಕ್ಷ್ಮ ಚರ್ಮದವರು ಝಿಂಕ್ ಆಕ್ಸೈಡ್ ಇರುವ, ಎಸ್‌ಪಿಎಫ್ 30 ಅಥವಾ ಹೆಚ್ಚಿನದನ್ನು ನೋಡಬಹುದು. ಕಂದು ಮುಖದ ಮೇಲೆ ಅದು ಬೂದಿ ಬಳಿದಂತೆ ಕಾಣುವುದು ನಿಜ, ಬಣ್ಣ ಸೇರಿಸಿದ ಬಗೆಗಳಲ್ಲಿ ಆ ತೊಂದರೆ ಕಡಿಮೆ.

ತುರಿಕೆ ಬಂದರೆ

ಹಚ್ಚಿದ್ದನ್ನು ನೀರಿನಿಂದ ತೊಳೆದು ನಿಲ್ಲಿಸಿ. ಅದರ ಮೇಲೆ ಬೇರೇನನ್ನೂ, ಅಲೋವೆರಾವನ್ನೂ, ಹಚ್ಚಬೇಡಿ. ‘ವಿಷ ಹೊರಬರುತ್ತಿದೆ, ಮುಂದುವರಿಸಿ’ ಎಂದು ಮಾರುವವರು ಹೇಳಿದರೆ ನಂಬಬೇಡಿ. ರೆಟಿನಾಲ್, ಆಮ್ಲಗಳಿರುವ ಸೀರಂಗಳಿಂದ ಮೊದಲ ವಾರಗಳಲ್ಲಿ ಸ್ವಲ್ಪ ಮೊಡವೆ ಹೆಚ್ಚಬಹುದು ನಿಜ, ಆದರೆ ತುರಿಕೆ, ಊತ, ನೀರೂರುವ ಗುಳ್ಳೆಗಳು ಆ ಲೆಕ್ಕಕ್ಕೆ ಬರುವುದಿಲ್ಲ. ತುಟಿ ಅಥವಾ ಕಣ್ಣು ಊದಿದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮತ್ತೆ ಮತ್ತೆ ಬೇರೆ ಬೇರೆ ವಸ್ತುಗಳಿಗೆ ಹೀಗಾಗುತ್ತಿದ್ದರೆ ಚರ್ಮತಜ್ಞರ ಬಳಿ ಪ್ಯಾಚ್ ಟೆಸ್ಟ್ ಮಾಡಿಸಿಕೊಳ್ಳಿ: ಬೆನ್ನಿನ ಮೇಲೆ ಸಾಲಾಗಿ ಸಾಮಾನ್ಯ ಅಲರ್ಜಿಕಾರಕಗಳನ್ನು ಅಂಟಿಸಿ, 48 ಗಂಟೆಗಳ ನಂತರ ತೆಗೆದು ನೋಡಿ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಆ ಅವಧಿಯಲ್ಲಿ ಬೆನ್ನಿಗೆ ನೀರು ತಾಗಿಸುವಂತಿಲ್ಲ, ಹಾಗಾಗಿ ಕಡುಬೇಸಿಗೆಯಲ್ಲಿ ಹೋಗಬೇಡಿ. ಕೊನೆಗೆ ನಿಮ್ಮ ಕೈಗೆ ಸಿಗುವುದು ತಪ್ಪಿಸಬೇಕಾದ ಹೆಸರುಗಳ ಒಂದು ಚೀಟಿ. ಅಂಗಡಿಯ ಹಸಿರು ಎಲೆಗಳಿಗಿಂತ ಅದು ಎಷ್ಟೋ ಉಪಯುಕ್ತ.

ಲೇಬಲ್ ಇಲ್ಲದ ಅಥವಾ ಸುಳ್ಳು ಹೇಳುವ ವಸ್ತುವಿನ ಬಗ್ಗೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೂ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಡಬಹುದು. ಅದಕ್ಕೆ ಬ್ಯಾಚ್ ಸಂಖ್ಯೆ ಬೇಕು, ವೈದ್ಯರಿಗೆ ಪದಾರ್ಥಗಳ ಪಟ್ಟಿ ಬೇಕು. ಇವೆರಡೂ ಹೆಚ್ಚಾಗಿ ಅಚ್ಚಾಗಿರುವುದು ಟ್ಯೂಬಿನ ಮೇಲಲ್ಲ, ನಾವು ಮೊದಲ ದಿನವೇ ಕಸಕ್ಕೆ ಹಾಕುವ ರಟ್ಟಿನ ಪೆಟ್ಟಿಗೆಯ ಮೇಲೆ. ಟ್ಯೂಬು ಖಾಲಿಯಾಗುವ ತನಕ ಆ ಪೆಟ್ಟಿಗೆಯನ್ನು ಮಡಿಸಿ ಕಪಾಟಿನಲ್ಲಿ ಇಟ್ಟುಕೊಳ್ಳಿ.